ದಾಹಚಿಕಿತ್ಸೆಯೂ ನೀರುಮಜ್ಜಿಗೆಯೂ

ಬೇಸಗೆ ಬಂತೆಂದರೆ ಕನ್ನಡನಾಡಿನ ಮನೆಗಳಲ್ಲಿ ‘ಉಷ್ಣ’ ಎಂಬ ಮಾತು ಪದೇಪದೇ ಕೇಳಿಬರುವುದು. ಕಣ್ಣುರಿದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ, ಬಿಸಿಲಿನಲ್ಲಿ ತಲೆ ತಿರುಗಿ ಬಿದ್ದರೂ ಉಷ್ಣವೇ. ಒಂದೇ ಹೆಸರಿನೊಳಗೆ ಇಷ್ಟು ಬಗೆಯ ವ್ಯಥೆಗಳನ್ನು ಅಡಗಿಸಿದುದರಿಂದ, ಆಯುರ್ವೇದವೂ ಇವೆಲ್ಲವನ್ನು ಒಂದಾಗಿಯೇ ಎಣಿಸಿತ್ತೆಂಬ ಭಾವನೆ ಹಲವರಲ್ಲಿ ಉಂಟು. ಮೂಲಗ್ರಂಥಗಳನ್ನು ನೋಡಿದರೆ ಸಂಗತಿಯು ಹಾಗಿಲ್ಲ. ಮೈಯುರಿಯ ಕಾರಣಗಳನ್ನು ಬೇರ್ಪಡಿಸಿ, ಕಾರಣಕ್ಕೆ ತಕ್ಕ ಉಪಚಾರವನ್ನು ವಿಧಿಸಿದುದೇ ಆ ಶಾಸ್ತ್ರದ ಹೆಗ್ಗಳಿಕೆ.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮದ್ಯಪಾನದ ವಿಕಾರಗಳನ್ನು ಹೇಳುವ ಅಧ್ಯಾಯದೊಳಗೆ ‘ದಾಹ’ದ ವಿಚಾರವು ಬರುತ್ತದೆ. ಮದ್ಯದಿಂದ, ರಕ್ತದಿಂದ, ಪಿತ್ತದಿಂದ, ಬಾಯಾರಿಕೆಯನ್ನು ತಡೆದುದರಿಂದ, ಒಡಲಿನಲ್ಲಿ ರಕ್ತ ತುಂಬಿದುದರಿಂದ, ಧಾತುಗಳು ಕ್ಷಯಿಸಿದುದರಿಂದ, ಮರ್ಮಕ್ಕೆ ಪೆಟ್ಟು ತಗಲಿದುದರಿಂದ, ಹೀಗೆ ಉರಿಯು ಹಲವು ದಾರಿಗಳಿಂದ ಹುಟ್ಟುವುದೆಂದು ಅಲ್ಲಿ ವಿಂಗಡಿಸಿದೆ. ಕ್ರಿ. ಶ. 700ರ ಸುಮಾರಿನಲ್ಲಿದ್ದ ಮಾಧವಕರನು ತನ್ನ ನಿದಾನಗ್ರಂಥದಲ್ಲಿ ದಾಹಕ್ಕೆ ಪ್ರತ್ಯೇಕವಾದ ಒಂದು ಅಧ್ಯಾಯವನ್ನೇ ಮೀಸಲಿಟ್ಟನು.

ಇವುಗಳಲ್ಲಿ ಬೇಸಗೆಗೆ ಅತ್ಯಂತ ಸಮೀಪವಾದುದು ಬಾಯಾರಿಕೆಯನ್ನು ತಡೆದುದರಿಂದ ಬರುವ ದಾಹ. ನೀರು ಕುಡಿಯದಿರಲು ದೇಹದ ಜಲಧಾತುವು ಕುಗ್ಗುವುದು, ಅದು ಕುಗ್ಗಲು ತೇಜಸ್ಸು ಕೆರಳಿ ಒಳಹೊರಗನ್ನೆಲ್ಲ ಸುಡುವುದು, ಗಂಟಲು, ಅಂಗುಳು, ತುಟಿಗಳು ಒಣಗುವುವು, ರೋಗಿಯು ನಾಲಗೆಯನ್ನು ಹೊರಚಾಚಿ ನಡುಗುವನು, ಚೇತನವು ಮಂದವಾಗುವುದು. ಇದು ಗ್ರಂಥವು ಕೊಡುವ ಚಿತ್ರ. ಇದಕ್ಕೆ ವಿಧಿಸಿದ ಚಿಕಿತ್ಸೆಯೂ ಅಷ್ಟೇ ಸರಳ: ತೇಜಸ್ಸನ್ನು ತಣಿಸಬೇಕು, ಜಲಧಾತುವನ್ನು ಬೆಳೆಸಬೇಕು. ಸಕ್ಕರೆ ಬೆರೆಸಿದ ನೀರು, ಹಾಲು, ತಣ್ಣಗಿನ ಕಬ್ಬಿನ ಹಾಲು, ಹುರಿಹಿಟ್ಟನ್ನು ನೀರಿನಲ್ಲಿ ಕದಡಿದ ಮಂಥ, ಇವೇ ಅಲ್ಲಿಯ ಔಷಧಗಳು. ಅದೇ ಸಂಹಿತೆಯ ಸೂತ್ರಸ್ಥಾನವು ಬಿಸಿಗಾಳಿ ಮತ್ತು ಬಿಸಿಲಿನಿಂದ ಬೆಂದವನಿಗೆ ಯಾವಾಗಲೂ ಶೀತೋಪಚಾರವನ್ನೇ ಮಾಡತಕ್ಕದ್ದೆಂದು ವಿಧಿಸುತ್ತದೆ.

ಬೇನೆ ಬರುವುದಕ್ಕೆ ಮುಂಚೆಯೇ ಅದನ್ನು ತಡೆಯುವ ಕ್ರಮವು ಋತುಚರ್ಯೆಯಲ್ಲಿದೆ. ಗ್ರೀಷ್ಮದಲ್ಲಿ ಸಿಹಿಯೂ ತಂಪೂ ದ್ರವವೂ ಆದ ಆಹಾರ, ಹಗಲು ತಣ್ಣನೆಯ ಮನೆಯಲ್ಲಿ ನಿದ್ರೆ, ಇರುಳು ಬೆಳುದಿಂಗಳಿನಲ್ಲಿ ತಣಿದ ಮಾಳಿಗೆ, ಮೈಗೆ ಚಂದನ, ಇವುಗಳನ್ನು ಚರಕಸಂಹಿತೆಯು ಹೇಳುತ್ತದೆ. ವ್ಯಾಯಾಮವನ್ನೂ, ಉಪ್ಪು ಹುಳಿ ಖಾರಗಳನ್ನೂ ಬಿಡಿಸುತ್ತದೆ. ವಾಗ್ಭಟನ ಅಷ್ಟಾಂಗಹೃದಯವು ಮಣ್ಣಿನ ಪಾತ್ರೆಯಲ್ಲಿ ತಣಿದ ಪಾನಕವನ್ನು ಹೊಗಳುತ್ತದೆ. ರಕ್ತಪಿತ್ತದ ಉರಿಗೆ ಚರಕಸಂಹಿತೆಯು ನೀರು ಚಿಮ್ಮುವ ಧಾರಾಗೃಹವನ್ನೂ, ನೆಲಮನೆಯನ್ನೂ, ಮುತ್ತು ವೈಡೂರ್ಯಗಳ ಪಾತ್ರೆಗಳ ಸ್ಪರ್ಶವನ್ನೂ ಸೂಚಿಸುತ್ತದೆ. ಇವು ಅರಮನೆಯ ಸೌಕರ್ಯಗಳು. ಉರಿಬಿಸಿಲಿನಲ್ಲಿ ಹೊಲ ಉಳುವವನಿಗೂ ಕಲ್ಲು ಒಡೆಯುವವನಿಗೂ ಇವುಗಳಿಂದ ಪ್ರಯೋಜನವಿಲ್ಲ. ಅವರ ಪಾಲಿನ ತಂಪು ಮಜ್ಜಿಗೆಯ ಗಡಿಗೆಯಲ್ಲಿತ್ತು.

ಈ ಮಜ್ಜಿಗೆಯ ವಿಷಯದಲ್ಲಿಯೇ ಒಂದು ವಿಚಿತ್ರವು ಕಾಣುತ್ತದೆ. ಉಷ್ಣಕಾಲದಲ್ಲಿಯೂ, ಮೂರ್ಛೆ ಭ್ರಮೆ ದಾಹಗಳಲ್ಲಿಯೂ ತಕ್ರವನ್ನು ಕೊಡಬಾರದೆಂದು ಸುಶ್ರುತಸಂಹಿತೆಯು ಸ್ಪಷ್ಟವಾಗಿ ನಿಷೇಧಿಸಿದೆ. ಹಾಗಾದರೆ ಬೇಸಗೆಯಲ್ಲಿ ಬಂದವರಿಗೆಲ್ಲ ನೀರುಮಜ್ಜಿಗೆ ಕೊಡುವ ಪದ್ಧತಿಯು ಶಾಸ್ತ್ರವಿರುದ್ಧವೆ? ಅಲ್ಲ. ಅಲ್ಲಿಯ ತಕ್ರವೆಂದರೆ ಅರ್ಧದಷ್ಟು ನೀರು ಬೆರಸಿ ಕಡೆದು ಬೆಣ್ಣೆ ತೆಗೆದದ್ದು. ಅತಿ ಗಟ್ಟಿಯೂ ಅಲ್ಲ, ಅತಿ ತಿಳಿಯೂ ಅಲ್ಲ. ಹದಿನಾರನೆಯ ಶತಮಾನದ ಭಾವಮಿಶ್ರನು ಭಾವಪ್ರಕಾಶದಲ್ಲಿ ಮಜ್ಜಿಗೆಯನ್ನು ಐದು ಬಗೆಯಾಗಿ ವಿಂಗಡಿಸಿ, ಬೆಣ್ಣೆ ತೆಗೆದು ನೀರನ್ನು ಹೇರಳವಾಗಿ ಬೆರಸಿದ ತಿಳಿಯಾದುದಕ್ಕೆ ‘ಛಚ್ಛಿಕಾ’ ಎಂದು ಹೆಸರಿಟ್ಟನು. ಅದು ತಂಪು, ಹಗುರ, ಪಿತ್ತವನ್ನೂ ದಣಿವನ್ನೂ ಬಾಯಾರಿಕೆಯನ್ನೂ ಕಳೆಯುವಂಥದು ಎಂದನು. ಕನ್ನಡಿಗರ ನೀರುಮಜ್ಜಿಗೆಯು ಇದೇ. ಪ್ರಾಚೀನರ ನಿಷೇಧವನ್ನು ಅಲ್ಲಗಳೆಯದೆ, ಜನರ ಅನುಭವಕ್ಕೂ ಶಾಸ್ತ್ರದಲ್ಲಿ ಎಡೆಮಾಡಿಕೊಟ್ಟ ಈ ವಿವೇಕವು ಗಮನಾರ್ಹವಾದುದು.

ಉಪ್ಪಿನ ವಿಷಯದಲ್ಲಿ ಮನೆಯ ಪದ್ಧತಿಯು ಗ್ರಂಥಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಬೆವರಿನೊಡನೆ ಉಪ್ಪೂ ದೇಹದಿಂದ ಹೋಗುವುದು. ಬಿಸಿಲಿನಲ್ಲಿ ದುಡಿಯುವವನು ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪಿನ ಅಂಶವು ತಗ್ಗಿ ಅಪಾಯವೂ ಆಗಬಹುದು. ಸಕ್ಕರೆಯೂ ಉಪ್ಪೂ ಜೊತೆಗೂಡಿ ಕರುಳಿನಿಂದ ದೇಹದೊಳಕ್ಕೆ ಸೇರುವ ಬಗೆಯನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿಯು 1960ರಲ್ಲಿ ವಿವರಿಸಿದನು. ವಾಂತಿಭೇದಿಗಳಲ್ಲಿ ಇಂದು ಕೊಡುವ ಸಕ್ಕರೆ ಉಪ್ಪಿನ ನೀರಿಗೆ ಅದೇ ಆಧಾರ. ಉಪ್ಪನ್ನು ಬಿಡಿಸಿದ ಋತುಚರ್ಯೆಯು ನೆರಳಿನಲ್ಲಿರುವವನಿಗೆ ಒಪ್ಪಿದರೂ, ಬೆವರು ಸುರಿಸುವವನಿಗೆ ಮಜ್ಜಿಗೆಗೆ ಹಾಕಿದ ಚಿಟಿಕೆ ಉಪ್ಪೇ ಹಿತವಾಯಿತು.

ಹಾಗೆಂದು ಎಲ್ಲ ಉರಿಗೂ ಪಾನಕ ಮಜ್ಜಿಗೆಗಳೇ ಸಾಕೆಂದು ತಿಳಿಯುವುದು ಪ್ರಾಣಕ್ಕೆ ಎರವಾದೀತು. ದೇಹದ ಒಳಗಿನ ಶಾಖವು 40 ಡಿಗ್ರಿ ಸೆಂಟಿಗ್ರೇಡನ್ನು ಮೀರಿ, ರೋಗಿಯು ತೊದಲಿ ಗಲಿಬಿಲಿಗೊಂಡರೆ ಅಥವಾ ಎಚ್ಚರ ತಪ್ಪಿದರೆ ಅದು ಸಾಮಾನ್ಯ ಉಷ್ಣವಲ್ಲ. ಮಿದುಳು ಮೂತ್ರಪಿಂಡಗಳನ್ನು ಕೆಡಿಸಬಲ್ಲ ಬಿಸಿಲಾಘಾತ. ಅಂಥವನನ್ನು ನೆರಳಿಗೆ ಒಯ್ದು, ಉಡುಪನ್ನು ಸಡಿಲಿಸಿ, ಮೈಮೇಲೆ ತಣ್ಣೀರನ್ನು ಎಡೆಬಿಡದೆ ಹೊಯ್ದು ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಎಚ್ಚರವಿಲ್ಲದವನ ಬಾಯಿಗೆ ಏನನ್ನೂ ಹೊಯ್ಯಬಾರದು. ಅದು ಶ್ವಾಸನಾಳಕ್ಕೆ ಇಳಿಯುವುದು. ಚೇತನವು ಮಂದವಾಗುವುದೆಂದು ಪ್ರಾಚೀನರು ಬರೆದಿಟ್ಟ ಲಕ್ಷಣವನ್ನು ಮನೆಯ ಹಿರಿಯರು ಗುರುತಿಸಬಲ್ಲವರಾದರೆ, ಮಜ್ಜಿಗೆ ಕೊಡತಕ್ಕ ಹೊತ್ತು ಯಾವುದು, ವೈದ್ಯನಲ್ಲಿಗೆ ಓಡತಕ್ಕ ಹೊತ್ತು ಯಾವುದು ಎಂಬುದು ಅವರಿಗೆ ತಿಳಿಯುವುದು.