ಸೂರ್ಯಕ್ಷೋಭೆಯ ಮುನ್ಸೂಚನೆಯ ಇತಿಹಾಸದಲ್ಲಿ ಹೊಸಕೋಟೆ

ಸೂರ್ಯಬಿಂಬದ ಮೇಲಣ ಕ್ಷೋಭೆಗೂ ಭೂಮಿಯ ಕಾಂತಸೂಜಿಯ ಚಲನೆಗೂ ಸಂಬಂಧವುಂಟೆಂಬ ವಿಚಾರ ಒಂದೂವರೆ ಶತಮಾನಕ್ಕಿಂತ ಹಳೆಯದು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್ಟನ್ ಸೂರ್ಯಕಳಂಕಗಳ ಗುಂಪೊಂದರ ಮೇಲೆ ಹಠಾತ್ತನೆ ಹೊಳೆದ ಬೆಳಕನ್ನು ಕಂಡನು. ಹದಿನೆಂಟು ಗಂಟೆ ತುಂಬುವ ಮೊದಲೇ ಲೋಕದ ಕಾಂತಸೂಜಿಗಳೆಲ್ಲ ತತ್ತರಿಸಿದವು. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ದಾಖಲೆಯಲ್ಲಿ ಕ್ಷೈತಿಜ ಕಾಂತಬಲವು ಸುಮಾರು 1600 ನ್ಯಾನೋಟೆಸ್ಲಾದಷ್ಟು ಕುಸಿದಿರುವುದು ಕಾಣುತ್ತದೆ. ಆ ಮಹಾಕ್ಷೋಭೆಯ ಪ್ರಮಾಣವನ್ನು ಇಂದು ಅಂದಾಜು ಮಾಡುವವರಿಗೆ ಈ ದಾಖಲೆ ಮುಖ್ಯವಾದ ಆಧಾರ.

ನಮ್ಮ ನಾಡಿನಲ್ಲಿ ಸೂರ್ಯನ ನಿತ್ಯವೀಕ್ಷಣೆ ಮೊದಲಾದುದು ಕಾಂತಶಾಸ್ತ್ರಕ್ಕಾಗಿ ಅಲ್ಲ, ಬರಗಾಲದ ದೆಸೆಯಿಂದ. ಮೈಸೂರು ಸೀಮೆಯ ಜನ ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ 1876-78ರ ಕ್ಷಾಮದ ಅನಂತರ, ಮಳೆಗೂ ಸೂರ್ಯಕಳಂಕಗಳಿಗೂ ನಂಟಿದೆಯೇ ಎಂಬ ಪ್ರಶ್ನೆ ಸರ್ಕಾರವನ್ನು ಕಾಡಿತು. 1899ರಲ್ಲಿ ಕೊಡೈಕಾನಲ್ ವೀಕ್ಷಣಾಲಯ ಸ್ಥಾಪಿತವಾಯಿತು. ಮಳೆಯ ಭವಿಷ್ಯ ಅಲ್ಲಿಂದ ಹೊರಡಲಿಲ್ಲವೆಂಬುದು ನಿಜ. ಆದರೆ 1904ರಿಂದ ದಿನದಿನವೂ ತೆಗೆದ ಸೂರ್ಯಚಿತ್ರಗಳು ಉಳಿದವು. ಯಾವ ಪ್ರಶ್ನೆಗಾಗಿ ಕೂಡಿಟ್ಟರೋ ಅದಕ್ಕಲ್ಲದೆ ಬೇರೊಂದಕ್ಕೆ ಉತ್ತರವಾದವು.

1970ರ ದಶಕದಲ್ಲಿ ಈ ಪರಂಪರೆಯ ಕೇಂದ್ರ ಬೆಂಗಳೂರಿಗೆ ಬಂದಿತು. ಭಾರತೀಯ ಖಭೌತ ಸಂಸ್ಥೆ ಇಲ್ಲಿ ನೆಲೆಗೊಂಡಿತು. ದೊಡ್ಡಬಳ್ಳಾಪುರದಿಂದ ಉತ್ತರಕ್ಕೆ ಗೌರಿಬಿದನೂರಿನಲ್ಲಿ ಸೂರ್ಯನ ರೇಡಿಯೋ ಅಲೆಗಳನ್ನು ಗ್ರಹಿಸುವ ಕ್ಷೇತ್ರವೂ ಬೆಳೆಯಿತು. ಮುಂದೆ ಹೊಸಕೋಟೆಯಲ್ಲಿ ಸಂಸ್ಥೆಯ ಆವರಣವೊಂದು ತಲೆಯೆತ್ತಿತು. ಲಡಾಖಿನ ಹಾನ್ಲೆಯ ದೂರದರ್ಶಕವನ್ನು ಇಲ್ಲಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ.

ಸೂರ್ಯನ ಪ್ರಭಾವಲಯದ ಬೆಳಕು ಬಿಂಬದ ಬೆಳಕಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಮಾತ್ರ. ಪೂರ್ಣಗ್ರಹಣದಲ್ಲಿ ಅದು ತಾನಾಗಿ ಕಾಣಿಸುತ್ತದೆ. 1980ರ ಫೆಬ್ರವರಿ 16ರಂದು ಹುಬ್ಬಳ್ಳಿ ರಾಯಚೂರುಗಳ ಕಡೆಯವರು ಕಂಡುದು ಅದನ್ನೇ. ಆದರೆ ಗ್ರಹಣ ಕೆಲವೇ ನಿಮಿಷಗಳ ಮಾತು. ಫ್ರಾನ್ಸಿನ ಲಿಯೋ 1930ರ ಸುಮಾರಿಗೆ ಕೃತಕಗ್ರಹಣವನ್ನುಂಟುಮಾಡುವ ಯಂತ್ರವನ್ನು ರಚಿಸಿ ಪರ್ವತಶಿಖರದಲ್ಲಿಟ್ಟನು. ಅಂಥ ಯಂತ್ರದ ವೈರಿಯೆಂದರೆ ಧೂಳು: ಕನ್ನಡಿಯ ಮೇಲೆ ಕುಳಿತ ಒಂದು ಕಣ ಬಿಂಬದ ಬೆಳಕನ್ನು ಚದುರಿಸಿದರೂ ಮಂದವಾದ ಪ್ರಭಾವಲಯ ಅಳಿಸಿಹೋಗುತ್ತದೆ. ಲಾರಿಗಳ ಧೂಳಿಗೆ ಹೆಸರಾದ ಹೆದ್ದಾರಿಯ ಊರಿನಲ್ಲಿ ಅತ್ಯಂತ ನಿರ್ಮಲವಾದ ಕೊಠಡಿಯನ್ನು ಕಟ್ಟಿ, ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವಾದ ವಿಇಎಲ್‌ಸಿಯನ್ನು ಜೋಡಿಸಿದ್ದು ಸಣ್ಣ ಕೆಲಸವಲ್ಲ. ಸುಮಾರು 190 ಕಿಲೋಗ್ರಾಂ ತೂಕದ ಈ ಉಪಕರಣವನ್ನು 2023ರ ಜನವರಿ 26ರಂದು ಹೊಸಕೋಟೆಯಲ್ಲೇ ಇಸ್ರೋಗೆ ಒಪ್ಪಿಸಲಾಯಿತು. ಸೆಪ್ಟೆಂಬರ್ 2ರಂದು ನೌಕೆ ಹಾರಿತು; 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಸುತ್ತಣ ಕಕ್ಷೆಯನ್ನು ಸೇರಿತು.

ಇದರಿಂದ ಮುನ್ಸೂಚನೆಯ ಸಮಸ್ಯೆ ಬಗೆಹರಿಯಿತೆಂದು ಪತ್ರಿಕೆಗಳಲ್ಲಿ ಬರೆದವರುಂಟು. ಅದನ್ನು ನಾವು ಒಪ್ಪಲಾರೆವು. ಪ್ರಭಾವಲಯದಿಂದ ಸಿಡಿದ ದ್ರವ್ಯ ಭೂಮಿಯನ್ನು ಮುಟ್ಟಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು; ಸಿಡಿತದ ವೇಗವನ್ನು ಕಂಡು ಆಗಮನಕಾಲವನ್ನು ಸ್ಥೂಲವಾಗಿ ಹೇಳಬಹುದು. ಆದರೆ ಕ್ಷೋಭೆಯ ಉಗ್ರತೆ ನಿಂತಿರುವುದು ಆ ದ್ರವ್ಯವು ಹೊತ್ತು ತರುವ ಕಾಂತಕ್ಷೇತ್ರದ ದಿಕ್ಕಿನ ಮೇಲೆ. ಅದು ದಕ್ಷಿಣಾಭಿಮುಖವಾಗಿದ್ದರೆ ಭೂಮಿಯ ಕಾಂತಾವರಣ ತೆರೆದುಕೊಳ್ಳುತ್ತದೆ, ಉತ್ತರಾಭಿಮುಖವಾಗಿದ್ದರೆ ಬಹುಮಟ್ಟಿಗೆ ತಡೆಯುತ್ತದೆ. 2024ರ ಮೇ 10-11ರ ಮಹಾಕ್ಷೋಭೆಯಲ್ಲಿ ಹಾನ್ಲೆಯ ಆಕಾಶವೂ ಕೆಂಪಾಯಿತು. ಈ ದಿಕ್ಕನ್ನು ನಿಶ್ಚಯವಾಗಿ ತಿಳಿಸಬಲ್ಲದ್ದು ಎಲ್1ರಲ್ಲಿರುವ ಕಾಂತಮಾಪಕವೇ. ಅಲ್ಲಿಂದ ಭೂಮಿಗೆ ಉಳಿಯುವ ಅವಧಿ ಹೆಚ್ಚೆಂದರೆ ಒಂದು ಗಂಟೆ, ವೇಗದ ಸಿಡಿತವಾದರೆ ಅರ್ಧ ಗಂಟೆಗೂ ಕಡಮೆ.