ವರ್ಚುವಲ್ ಲೋಕದಲ್ಲಿ ‘ಇರುವಿಕೆ’ಯ ಅಳತೆ

ತಲೆಗೆ ಪರದೆ ಕಟ್ಟಿಕೊಂಡವರಿಗೆ, ಕಂಪ್ಯೂಟರ್ ಚಿತ್ರಿಸಿದ ಕೋಣೆಯಲ್ಲಿ ತಾವು ನಿಜಕ್ಕೂ ನಿಂತಿದ್ದೇವೆ ಅನ್ನಿಸುತ್ತದಲ್ಲ, ಸಂಶೋಧಕರು ಅದನ್ನು ಇರುವಿಕೆ ಎನ್ನುತ್ತಾರೆ. ದೂರದ ಯಂತ್ರಗಳನ್ನು ಇಲ್ಲಿಂದಲೇ ನಡೆಸುವವರ ಅನುಭವ ಕುರಿತು ಕಂಪ್ಯೂಟರ್ ವಿಜ್ಞಾನಿ ಮಾರ್ವಿನ್ ಮಿನ್ಸ್ಕಿ 1980ರಲ್ಲಿ ಬರೆದ ಲೇಖನ ಈ ಚರ್ಚೆಗೆ ದಾರಿ ಮಾಡಿತು. 1992ರಲ್ಲಿ ಎಂಐಟಿ ಪ್ರೆಸ್ ‘ಪ್ರೆಸೆನ್ಸ್’ ಎಂಬ ನಿಯತಕಾಲಿಕವನ್ನೇ ಆರಂಭಿಸಿತು.

ಅಳೆಯುವುದು ಹೇಗೆ? ಅನುಭವಿಸಿದವರನ್ನೇ ಕೇಳುವುದು ಸುಲಭದ ದಾರಿ. ಅಮೆರಿಕದ ಸೇನಾ ಸಂಶೋಧನಾ ಸಂಸ್ಥೆಯ ಬಾಬ್ ವಿಟ್ಮರ್ ಮತ್ತು ಮೈಕೆಲ್ ಸಿಂಗರ್ 1998ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ಪ್ರತಿ ಪ್ರಶ್ನೆಗೂ 1ರಿಂದ 7ರವರೆಗೆ ಅಂಕ ಕೊಡಬೇಕಿತ್ತು. ಲಂಡನ್‌ನ ಸಂಶೋಧಕ ಮೆಲ್ ಸ್ಲೇಟರ್ ಮರುವರ್ಷವೇ ತಕರಾರು ತೆಗೆದರು: ಉಪಕರಣ ಎಷ್ಟು ಸಲೀಸಾಗಿತ್ತು ಎಂದು ಕೇಳಿ ಅಂಕ ಕೂಡಿಸಿದರೆ ಇರುವಿಕೆ ಸಿಗುವುದಿಲ್ಲ. ಅವರು ತಮ್ಮದೇ ಪ್ರಶ್ನಾವಳಿಗೂ ರಿಯಾಯಿತಿ ತೋರಲಿಲ್ಲ. 2000ದಲ್ಲಿ ಅವರ ತಂಡ 10 ಜನರನ್ನು ನಿಜವಾದ ಕಚೇರಿಗೆ, ಇನ್ನು 10 ಜನರನ್ನು ಅದರ ವರ್ಚುವಲ್ ಪ್ರತಿರೂಪಕ್ಕೆ ಕಳಿಸಿ ಎರಡೂ ಪ್ರಶ್ನಾವಳಿಗಳನ್ನು ಪರೀಕ್ಷಿಸಿತು. ಎರಡು ಗುಂಪುಗಳ ಅಂತರವನ್ನು ಅವು ಸ್ಪಷ್ಟವಾಗಿ ಹಿಡಿಯಲಿಲ್ಲ. 2004ರಲ್ಲಂತೂ ಸ್ಲೇಟರ್, ನಿನ್ನೆಯ ದಿನ ಎಷ್ಟು ‘ಬಣ್ಣಬಣ್ಣ’ವಾಗಿತ್ತು ಎಂದು ಜನರನ್ನು ಕೇಳಿದರು. ಅವರೂ ಗಂಭೀರವಾಗಿಯೇ ಅಂಕ ಕೊಟ್ಟರು! ಇಲ್ಲದ ಗುಣವನ್ನೂ ಪ್ರಶ್ನೆಯೇ ಹುಟ್ಟಿಸಬಹುದೆಂಬುದು ಸ್ಲೇಟರ್ ವಾದ.

ಹಾಗಾದರೆ ದೇಹವನ್ನೇ ಕೇಳೋಣ ಎಂದವರು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮೈಕೆಲ್ ಮೀಹನ್ ಮತ್ತು ಸಂಗಡಿಗರು. ಅವರ ವರ್ಚುವಲ್ ಮನೆಯಲ್ಲಿ ಬಾಗಿಲು ದಾಟಿದರೆ ನೆಲವೇ ಇಲ್ಲ. ಸುಮಾರು 6 ಮೀಟರ್ ಕೆಳಗೆ ಇನ್ನೊಂದು ಕೋಣೆ. ಹಳ್ಳದ ಅಂಚಿಗೆ ಬಂದವರ ಹೃದಯಬಡಿತ, ಅಂಗೈ ಬೆವರಿನಿಂದ ಬದಲಾಗುವ ಚರ್ಮದ ವಿದ್ಯುದ್ವಾಹಕತೆ, ಬೆರಳಿನ ಉಷ್ಣತೆ ಇವನ್ನು ದಾಖಲಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರರಲ್ಲಿ ಹೆಚ್ಚು ನಂಬಬಹುದಾದದ್ದು ಹೃದಯಬಡಿತ. ಕಾಲಡಿಗೆ ನಾಲ್ಕು ಸೆಂಟಿಮೀಟರ್‌ಗೂ ಕಡಿಮೆ ಎತ್ತರದ ನಿಜವಾದ ಮರದ ಹಲಗೆ ಇಟ್ಟರೆ ಸಾಕು, ಎದೆ ಇನ್ನೂ ಜೋರಾಗಿ ಬಡಿದುಕೊಳ್ಳುತ್ತಿತ್ತು.

ಆದರೆ ಈ ಅಳತೆಗೆ ಭಯ ಬೇಕೇಬೇಕು. ನೀರಸ ಕಚೇರಿಯೊಂದರಲ್ಲಿ ಕುಳಿತವರ ನಾಡಿ ಏನನ್ನು ಹೇಳೀತು? ಮತ್ತೆ ಮತ್ತೆ ಅದೇ ಹಳ್ಳ ಕಂಡರೆ ಬಡಿತದ ಏರಿಕೆಯೂ ಇಳಿಯುತ್ತಿತ್ತು.

ಆದೇಶ ಬಂದರೆ ಜನ ಇನ್ನೊಬ್ಬರನ್ನು ಎಷ್ಟು ನೋಯಿಸುತ್ತಾರೆ ಎಂದು ನೋಡಿದ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಪ್ರಯೋಗದ ವರ್ಚುವಲ್ ಆವೃತ್ತಿ 2006ರಲ್ಲಿ ಪ್ರಕಟವಾಯಿತು. ಅದರಲ್ಲೂ ಎರಡೂ ಬಗೆಯ ಅಳತೆಗಳು ಒಟ್ಟಿಗೆ ಬಂದವು. ಕಂಪ್ಯೂಟರ್ ಹೆಂಗಸಿಗೆ ವಿದ್ಯುತ್ ಆಘಾತ ಕೊಡಬೇಕಿದ್ದ 34 ಜನರಿಗೂ ಆಕೆ ನಿಜವಲ್ಲವೆಂಬುದು ಗೊತ್ತಿತ್ತು. ಹಾಗಿದ್ದೂ ಆಕೆಯನ್ನು ಕಂಡು, ಕೂಗು ಕೇಳಿಸಿಕೊಂಡವರ ದೇಹ ಒತ್ತಡ ತೋರಿತು. ಅರಿವಿಗೂ ದೇಹಕ್ಕೂ ನಡುವಿನ ಈ ಒಡಕಿಗೆ 2009ರಲ್ಲಿ ಸ್ಲೇಟರ್ ವಿವರಣೆ ಕೊಟ್ಟರು: ಅಲ್ಲಿದ್ದೇನೆಂಬ ಭ್ರಮೆ ಬೇರೆ, ಅಲ್ಲಿ ನಡೆಯುತ್ತಿರುವುದು ನಿಜವೆಂಬ ಭ್ರಮೆ ಬೇರೆ.