ವಿವಾಹವಿಧಿಯಲ್ಲಿ ಆಚಾರಭೇದ

ವಿವಾಹವಿಧಿಯು ಪೂರ್ವದಲ್ಲಿ ಸರ್ವತ್ರ ಏಕರೂಪವಾಗಿದ್ದಿತೆಂದೂ, ಅದನ್ನು ಮಾರ್ಪಡಿಸುವುದು ಆಧುನಿಕರ ಸ್ವೇಚ್ಛೆಯೆಂದೂ ಹಲವರು ಭಾವಿಸುವುದುಂಟು. ಸೂತ್ರಗ್ರಂಥಗಳು ಈ ಅಭಿಪ್ರಾಯಕ್ಕೆ ಆಧಾರವನ್ನೀಯುವುದಿಲ್ಲ. ಜನಪದಧರ್ಮ ಗ್ರಾಮಧರ್ಮಗಳು ನಾನಾವಿಧವೆಂದೂ, ವಿವಾಹದಲ್ಲಿ ಅವುಗಳನ್ನು ಅನುಸರಿಸತಕ್ಕದ್ದೆಂದೂ ಆಶ್ವಲಾಯನ ಗೃಹ್ಯಸೂತ್ರವು ಮೊದಲು ಹೇಳಿ, ಸರ್ವಸಮಾನವಾದುದನ್ನು ಮಾತ್ರ ಬಳಿಕ ವಿಧಿಸುತ್ತದೆ. ಪಾಣಿಗ್ರಹಣ, ಅಶ್ಮಾರೋಹಣ, ಲಾಜಹೋಮ, ಸಪ್ತಪದಿಗಳು ಅಲ್ಲಿ ಉಕ್ತವಾಗಿವೆ; ಇಂದು ಕನ್ನಡನಾಡಿನಲ್ಲಿ ವಿವಾಹದ ಜೀವವೆಂದೇ ಎಣಿಸಲ್ಪಡುವ ಮಾಂಗಲ್ಯಧಾರಣವು ಅಲ್ಲಿ ಕಾಣದು. ದೇಶಾಚಾರವಾಗಿ ಬಂದುದೇ ಕಾಲಾಂತರದಲ್ಲಿ ಮುಖ್ಯವಿಧಿಯಾಯಿತು.

1966ರಲ್ಲಿ ಕುವೆಂಪು ಅವರು ತಮ್ಮ ಪುತ್ರ ಪೂರ್ಣಚಂದ್ರ ತೇಜಸ್ವಿಯವರ ವಿವಾಹದಲ್ಲಿ ಆಚರಣೆಗೆ ತಂದ ಮಂತ್ರಮಾಂಗಲ್ಯವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಪೌರೋಹಿತ್ಯ, ಮುಹೂರ್ತ, ವರದಕ್ಷಿಣೆ, ಆಡಂಬರಗಳನ್ನು ಅದು ತ್ಯಜಿಸಿತು, ಮಂತ್ರಗಳನ್ನು ತ್ಯಜಿಸಲಿಲ್ಲ. ಆಯ್ದ ಮಂತ್ರಗಳನ್ನು ಕನ್ನಡದ ಅರ್ಥದೊಡನೆ ಉಳಿಸಿಕೊಂಡು, ವಧೂವರರೇ ತಿಳಿದು ಪ್ರತಿಜ್ಞೆಗೈಯುವಂತೆ ಏರ್ಪಡಿಸಿತು.

ಹಾಗೆಂದು ಎರಡನ್ನೂ ಒಂದೇ ಎನ್ನಲಾಗದು. ಸೂತ್ರಕಾರನು ಅವಕಾಶವನ್ನಿತ್ತುದು ನಾಡಿಗೆ, ಊರಿಗೆ, ವ್ಯಕ್ತಿಗಲ್ಲ. ಕುವೆಂಪು ಅವರಾದರೋ ಅದನ್ನು ವಧೂವರರ ವಿವೇಕಕ್ಕೆ ಒಪ್ಪಿಸಿದರು. ಆದುದರಿಂದ ಮಂತ್ರಮಾಂಗಲ್ಯವನ್ನು ಅಶಾಸ್ತ್ರೀಯವೆಂದು ಖಂಡಿಸುವವರು ಸೂತ್ರದ ಔದಾರ್ಯವನ್ನು ಮರೆಯುತ್ತಾರೆ. ಸೂತ್ರಸಮ್ಮತವೆಂದೇ ಸಮರ್ಥಿಸುವವರು ಅದರ ನವೀನತೆಯನ್ನು ಮರೆಯುತ್ತಾರೆ.